ಕಡಲ ಮೈಬಿಸಿಯ ಲೆಕ್ಕ

ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ, ಊರು ಬಿಟ್ಟು ಎಷ್ಟೋ ವರ್ಷಗಳಾದ ಕನ್ನಡಿಗನೂ ದಿನಪತ್ರಿಕೆಯಲ್ಲಿ ಮುಂಗಾರಿನ ಸುದ್ದಿಯನ್ನು ಹುಡುಕುತ್ತಾನೆ. ತಾನಿರುವ ಮಹಾನಗರದಲ್ಲಿ ಮಳೆ ಹೆಚ್ಚಾದರೆ ರೈಲುಗಳು ನಿಲ್ಲುತ್ತವೆ. ಊರಿನಲ್ಲಿ ಮಳೆ ಬಾರದಿದ್ದರೆ ಹೊಲ ಒಣಗುತ್ತದೆ, ಕೆರೆ ಬತ್ತುತ್ತದೆ. ಈ ಎರಡು ಚಿಂತೆಗಳ ನಡುವೆ ಆತನು ಓದುವ ವರದಿಯಲ್ಲಿ ‘ಎಲ್ ನಿನೊ’ ಎಂಬ ಸ್ಪ್ಯಾನಿಷ್ ಮಾತು ಬಂದೇ ಬರುತ್ತದೆ. ದಕ್ಷಿಣ ಅಮೆರಿಕದ ದಿಕ್ಕಿನ ಪೆಸಿಫಿಕ್ ಸಾಗರದಲ್ಲಿ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಬಿಸಿಯಾಗಿ ಕೆಲವು ತಿಂಗಳು ಹಾಗೆಯೇ ಉಳಿದರೆ ಅದಕ್ಕೆ ಈ ಹೆಸರು. ಅಲ್ಲಿಯ ಅರ್ಧ ಡಿಗ್ರಿಗೂ ಕೋಲಾರದ ರಾಗಿಗೂ ಏನು ಸಂಬಂಧವೆಂಬುದು ಒಂದು ಪ್ರಶ್ನೆ. ಅಷ್ಟು ವಿಸ್ತಾರವಾದ ನೀರಿನ ಮೇಲೆ ಆ ಅರ್ಧ ಡಿಗ್ರಿಯನ್ನು ಯಾರು, ಹೇಗೆ ಕಂಡುಹಿಡಿದರು, ಮುಂದಿನ ತಿಂಗಳು ಅದು ಎಷ್ಟಾದೀತೆಂದು ಯಾವ ಧೈರ್ಯದಿಂದ ಹೇಳುತ್ತಾರೆ ಎಂಬುದು ಮತ್ತೊಂದು. ಮೊದಲನೆಯದರ ವಿಷಯವಾಗಿ ಬೇಕಾದಷ್ಟು ಬರೆಹಗಳು ಬಂದಿವೆ. ಎರಡನೆಯದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಾಖವನ್ನು ಕೂಡಿಡುವುದರಲ್ಲಿ ಗಾಳಿ ಬಹಳ ಬಡವ, ನೀರು ಬಹಳ ಶ್ರೀಮಂತ. ಇಡೀ ವಾಯುಮಂಡಲವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವಷ್ಟು ಶಾಖವು ಸಾಗರದ ಮೇಲಿನ ಮೂರು ಮೀಟರಿನಷ್ಟು ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟಕ್ಕೆ ಮುಗಿದುಹೋಗುತ್ತದೆ. ಗಾಳಿಯ ಶಾಖ ಚಾಲ್ತಿ ಖಾತೆಯ ಹಣದಂತೆ, ಬಂದಂತೆಯೇ ಹೋಗುವುದು. ಕಡಲಿನ ಶಾಖ ಮುದ್ದತು ಠೇವಣಿಯಂತೆ, ತಿಂಗಳುಗಟ್ಟಲೆ ಇರುವುದು. ಹದಿನೈದು ದಿನಗಳಾಚೆಗೆ ಯಾವ ದಿನ ಮಳೆ ಬಂದೀತೆಂದು ಹೇಳಲಾರದವರು ಮುಂದಿನ ಮೂರು ತಿಂಗಳ ಮಳೆ ಒಟ್ಟಿನಲ್ಲಿ ಹೆಚ್ಚೋ ಕಡಮೆಯೋ ಎಂದು ಹೇಳಲು ಸಾಹಸ ಮಾಡುವುದು ಬಹುಮಟ್ಟಿಗೆ ಈ ಠೇವಣಿಯ ಬಲದಿಂದಲೇ. ಚಂಡಮಾರುತಕ್ಕೂ ಇದೇ ಬಂಡವಾಳ. ಸುಮಾರು 26.5 ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿರುವ ನೀರಿನ ಮೇಲೆ ಅದು ಹುಟ್ಟಿ ಬೆಳೆಯುವುದು ಅಪರೂಪ.

ಇಷ್ಟು ಬೆಲೆಯುಳ್ಳ ಅಂಕಿಯನ್ನು ಅಳೆಯುವ ಕೆಲಸ ಆರಂಭವಾದುದು ಒಂದು ಬಕೆಟ್ಟಿನಿಂದ. 1853ರಲ್ಲಿ ಬ್ರಸೆಲ್ಸ್ ನಗರದಲ್ಲಿ ಕಡಲ ರಾಷ್ಟ್ರಗಳ ಸಮ್ಮೇಳನವೊಂದು ಸೇರಿ, ಹಡಗುಗಳು ಗಾಳಿ ನೀರುಗಳ ವಿವರವನ್ನು ಒಂದೇ ಕ್ರಮದಲ್ಲಿ ದಾಖಲೆ ಮಾಡಬೇಕೆಂದು ಗೊತ್ತುಮಾಡಿತು. ನಾವಿಕನು ಹಗ್ಗ ಕಟ್ಟಿದ ಬಕೆಟ್ಟನ್ನು ಕಡಲಿಗೆ ಇಳಿಬಿಟ್ಟು, ನೀರು ಸೇದಿ, ಅದರಲ್ಲಿ ಉಷ್ಣಮಾಪಕವನ್ನು ಅದ್ದಿ ನೋಡುತ್ತಿದ್ದನು. ಆದರೆ ಮರದ ಬಕೆಟ್ಟಿನಲ್ಲಿ ನೀರು ನಿಧಾನವಾಗಿ ಆರುತ್ತದೆ. ಕ್ಯಾನ್ವಾಸ್ ಬಟ್ಟೆಯ ಬಕೆಟ್ಟಿನಲ್ಲಿ, ಮಣ್ಣಿನ ಹೂಜಿಯಲ್ಲಿ ಆಗುವಂತೆ, ನೀರು ಜಿನುಗಿ ಆವಿಯಾಗಿ ಬೇಗ ತಣ್ಣಗಾಗುತ್ತದೆ. ಮುಂದೆ ಯಂತ್ರದ ಹಡಗುಗಳಲ್ಲಿ ಎಂಜಿನನ್ನು ತಂಪು ಮಾಡಲು ಒಳಕ್ಕೆಳೆಯುವ ನೀರಿನ ಉಷ್ಣತೆಯನ್ನೇ ಬರೆದುಕೊಳ್ಳುವ ಪದ್ಧತಿ ಬಂದಿತು. ಎಂಜಿನಿನ ಕೋಣೆಯ ಸೆಕೆ ತಾಗಿ ಆ ಅಂಕಿ ತುಸು ಮೇಲಕ್ಕೇ ಬರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದ ಅಂಕಿಗಳಲ್ಲಿ ಹೆಚ್ಚಿನವು ಎಂಜಿನ್ ಕೋಣೆಯಲ್ಲಿ ಅಳೆಯುತ್ತಿದ್ದ ಅಮೆರಿಕದ ಹಡಗುಗಳವು. 1945ರಲ್ಲಿ ಯುದ್ಧ ಮುಗಿದ ಮೇಲೆ ಬಕೆಟ್ಟನ್ನೇ ನೆಚ್ಚಿದ್ದ ಬ್ರಿಟಿಷ್ ಹಡಗುಗಳ ಅಂಕಿಗಳು ಒಮ್ಮೆಲೇ ಹೆಚ್ಚಿದವು. ಪರಿಣಾಮವಾಗಿ ಜಗತ್ತಿನ ಸಾಗರಗಳೆಲ್ಲ ಆ ವರ್ಷದ ಕೊನೆಗೆ ಏಕಾಏಕಿ ಸುಮಾರು 0.3 ಡಿಗ್ರಿ ತಣ್ಣಗಾದಂತೆ ಕಡತಗಳಲ್ಲಿ ದಾಖಲಾಯಿತು. ತಣ್ಣಗಾದುದು ಸಾಗರವಲ್ಲ, ಅಳೆಯುವ ಬಗೆ ಬದಲಾದುದು ಎಂಬುದು ಸ್ಪಷ್ಟವಾಗಿ ಹೊರಬಂದುದು 2008ರಲ್ಲಿ! ಅರುವತ್ತಕ್ಕೂ ಹೆಚ್ಚು ವರ್ಷ ಒಂದು ತಪ್ಪು ನಮೂದು ಜಗತ್ತಿನ ಖಾತೆಯಲ್ಲಿ ಕುಳಿತಿತ್ತೆಂದರೆ ಲೆಕ್ಕಪರಿಶೋಧನೆಯ ಅಭ್ಯಾಸವಿದ್ದವರಿಗೆ ಮಾತ್ರ ಅದು ಆಶ್ಚರ್ಯವೆನಿಸದು.

ಉಪಗ್ರಹಗಳು ಬಂದಮೇಲೆ ಈ ಕಷ್ಟ ತೀರಿತೆಂದು ಭಾವಿಸುವುದು ಸಹಜ. ಅಮೆರಿಕದ ಹವಾಮಾನ ಉಪಗ್ರಹಗಳು 1980ರ ದಶಕದ ಆರಂಭದಿಂದ ಕಡಲಿನಿಂದ ಹೊರಡುವ ಅವಕೆಂಪು ಕಿರಣಗಳನ್ನು ಅಳೆದು ಅದರ ಮೇಲ್ಮೈ ಉಷ್ಣತೆಯನ್ನು ದಿನವೂ ಕೊಡತೊಡಗಿದವು. ಹಡಗೇ ಸುಳಿಯದ ಕಡೆಗಳಲ್ಲೂ ಅಂಕಿ ದೊರೆಯಿತು. ಆದರೆ ಮೋಡದ ಮೂಲಕ ಈ ಕಿರಣಗಳು ಬರಲಾರವು; ನಮ್ಮ ಅರಬ್ಬೀ ಸಮುದ್ರವನ್ನು ಮುಂಗಾರಿನ ಮೋಡ ಕವಿದಾಗ, ಅಂದರೆ ಅಂಕಿ ಅತ್ಯಗತ್ಯವಾಗಿ ಬೇಕಾದಾಗಲೇ, ಕಣ್ಣು ಕಟ್ಟಿಹೋಗುತ್ತದೆ. 1997ರಲ್ಲಿ ಹಾರಿದ ಟಿ.ಆರ್.ಎಂ.ಎಂ. ಉಪಗ್ರಹ ಮತ್ತು ಅದರ ನಂತರದವು ಮೈಕ್ರೋವೇವ್ ತರಂಗಗಳ ಸಹಾಯದಿಂದ ಮೋಡದ ಕೆಳಗೂ ನೋಡಬಲ್ಲವು, ಆದರೆ ಅಷ್ಟು ಸೂಕ್ಷ್ಮವಾಗಿ ಅಲ್ಲ. ಜೋರುಮಳೆಯಲ್ಲಿ ಅವೂ ಸೋಲುತ್ತವೆ, ಕರಾವಳಿಯ ತೀರ ಹತ್ತಿರಕ್ಕೆ ಬಂದಾಗಲೂ ಸೋಲುತ್ತವೆ.

ಇದಲ್ಲದೆ ಇನ್ನೊಂದು ತೊಡಕಿದೆ. ಮಗುವಿನ ಹಣೆ ಮುಟ್ಟಿ ನೋಡುವುದಕ್ಕೂ ನಾಲಗೆಯ ಕೆಳಗೆ ಉಷ್ಣಮಾಪಕವಿಟ್ಟು ನೋಡುವುದಕ್ಕೂ ವ್ಯತ್ಯಾಸವಿದೆಯಷ್ಟೆ. ಅವಕೆಂಪು ಕಿರಣ ಹೊರಡುವುದು ಕಡಲಿನ ಅತ್ಯಂತ ಮೇಲಿನ ಪೊರೆಯಿಂದ. ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಈ ಪೊರೆ ಕೆಳಗಿನ ನೀರಿಗಿಂತ ಸಾಮಾನ್ಯವಾಗಿ 0.2 ಡಿಗ್ರಿಯಷ್ಟು ತಣ್ಣಗಿರುತ್ತದೆ. ಗಾಳಿಯಿಲ್ಲದ ಬಿಸಿಲಿನ ಮಧ್ಯಾಹ್ನದಲ್ಲಾದರೋ ಮೇಲಿನ ಒಂದೆರಡು ಅಡಿ ನೀರು ಮಾತ್ರ ಎರಡು ಮೂರು ಡಿಗ್ರಿ ಕಾದು, ರಾತ್ರಿಗೆ ಮತ್ತೆ ಆರುವುದುಂಟು. ಬಕೆಟ್ಟು, ಎಂಜಿನಿನ ಕೊಳವೆ, ಉಪಗ್ರಹ ಇವೆಲ್ಲ ‘ಕಡಲ ಮೇಲ್ಮೈ ಉಷ್ಣತೆ’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತವೆ ಎಂದಾಯಿತು.

ಈಗ ಮುನ್ಸೂಚನೆಯ ಮಾತು. ಸಾಗರದ ನೀರು ಹೇಗೆ ಹರಿಯುತ್ತದೆ, ಬಿಸಿಲಿನಿಂದ ಎಷ್ಟು ಶಾಖ ಪಡೆಯುತ್ತದೆ, ಆವಿಯಾಗಿ ಎಷ್ಟು ಕಳೆದುಕೊಳ್ಳುತ್ತದೆ, ಗಾಳಿ ಬೀಸಿದಾಗ ಕೆಳಗಿನ ತಣ್ಣೀರು ಎಷ್ಟು ಮೇಲೆ ಬಂದು ಬೆರೆಯುತ್ತದೆ ಎಂಬುದನ್ನೆಲ್ಲ ಭೌತವಿಜ್ಞಾನದ ಸಮೀಕರಣಗಳು ತಿಳಿಸುತ್ತವೆ. ಸಾಗರವನ್ನು ಚೌಕ ಚೌಕವಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಈ ಜಮಾಖರ್ಚನ್ನು ಗಣಕಯಂತ್ರ ಮಾಡುತ್ತ ಹೋಗುತ್ತದೆ. ಇದಕ್ಕೆ ಗಣಿತ ಮಾದರಿ ಎಂದು ಹೆಸರು. ಆದರೆ ಜಮಾಖರ್ಚು ಎಷ್ಟೇ ನಿಖರವಾಗಿರಲಿ, ಆರಂಭದ ಶಿಲ್ಕು ತಪ್ಪಾಗಿದ್ದರೆ ಅಖೈರು ಶಿಲ್ಕು ತಪ್ಪಾಗಲೇಬೇಕು. ಇಂದಿನ ಸಾಗರದ ಸ್ಥಿತಿ ಎಷ್ಟು ಸರಿಯಾಗಿ ಗೊತ್ತಿದೆ ಎಂಬುದರ ಮೇಲೆ ನಾಳಿನ ಮುನ್ಸೂಚನೆಯ ಯೋಗ್ಯತೆ ನಿಂತಿದೆ. ಆದಕಾರಣ ದಿನವೂ, ನಗದು ಪುಸ್ತಕವನ್ನು ಪಾಸ್ ಪುಸ್ತಕದೊಂದಿಗೆ ತಾಳೆ ನೋಡುವಂತೆ, ನಿನ್ನೆಯ ಮುನ್ಸೂಚನೆ ಇಂದಿಗೆ ಹೇಳಿದ್ದ ಅಂಕಿಯನ್ನು ಇಂದಿನ ಅಳತೆಯೊಂದಿಗೆ ಹೋಲಿಸಿ ತಿದ್ದಲಾಗುತ್ತದೆ.

ಎರಡೂ ಅಂಕಿಗಳು ತಾಳೆಯಾಗದಿದ್ದಾಗ ಯಾವುದನ್ನು ನಂಬಬೇಕು? ಅಳತೆಯನ್ನೇ ನಂಬಬೇಕೆಂದು ಯಾರಿಗಾದರೂ ತೋಚುತ್ತದೆ, ಅದು ಸರಿಯಲ್ಲ. ಎರಡನ್ನೂ, ಅವುಗಳ ಯೋಗ್ಯತೆಗೆ ತಕ್ಕಷ್ಟು, ನಂಬಬೇಕು. ಒಂದು ಕಲ್ಪಿತ ಉದಾಹರಣೆ ನೋಡೋಣ. ಮಂಗಳೂರಿನಾಚೆ ಕಡಲಿನ ಒಂದು ಚೌಕದಲ್ಲಿ ಉಷ್ಣತೆ 28.0 ಡಿಗ್ರಿ ಇರುವುದೆಂದು ಮಾದರಿ ಹೇಳುತ್ತದೆ. ಅಲ್ಲಿ ತೇಲುತ್ತಿರುವ ಯಂತ್ರ 29.0 ಎನ್ನುತ್ತದೆ. ಮಾದರಿಯ ಮಾತಿನಲ್ಲಿ 0.6 ಡಿಗ್ರಿಯಷ್ಟು, ಯಂತ್ರದ ಮಾತಿನಲ್ಲಿ 0.3 ಡಿಗ್ರಿಯಷ್ಟು ತಪ್ಪು ವಾಡಿಕೆಯಾಗಿ ಇರುತ್ತದೆಂದು ಅನುಭವದಿಂದ ತಿಳಿದಿದೆ. (ಯಂತ್ರದ ಉಷ್ಣಮಾಪಕ ಇದಕ್ಕಿಂತ ಎಷ್ಟೋ ನಿಖರ, ಆದರೆ ಒಂದು ಬಿಂದುವಿನ ಅಳತೆ ಹತ್ತಾರು ಕಿಲೋಮೀಟರ್ ಅಗಲದ ಚೌಕಕ್ಕೆ ಪ್ರತಿನಿಧಿಯಾಗಬೇಕಾದ್ದರಿಂದ ತಪ್ಪಿನ ಪಾಲು ಹೆಚ್ಚುತ್ತದೆ.) ಈ ತಪ್ಪುಗಳ ವರ್ಗಗಳು 0.36 ಮತ್ತು 0.09, ಕೂಡಿದರೆ 0.45. ಇದರಲ್ಲಿ 0.36 ಎಂದರೆ ಶೇಕಡ 80. ಎರಡು ಅಂಕಿಗಳ ನಡುವಣ ಒಂದು ಡಿಗ್ರಿ ಅಂತರದಲ್ಲಿ ಶೇಕಡ 80ರಷ್ಟು ದೂರ ಯಂತ್ರದ ಕಡೆಗೆ ನಡೆದರೆ 28.8 ದೊರೆಯುತ್ತದೆ. ಈ ಹೊಸ ಅಂಕಿಯ ವಾಡಿಕೆಯ ತಪ್ಪು ಸುಮಾರು 0.27 ಮಾತ್ರ. ಇಬ್ಬರು ಅರೆಬರೆ ಸಾಕ್ಷಿಗಳಿಂದ, ಇಬ್ಬರಿಗಿಂತಲೂ ಹೆಚ್ಚು ನಂಬತಕ್ಕ ಒಂದು ಹೇಳಿಕೆ ಹೊರಟಿತು! ಈ ವಿದ್ಯೆಯ ಚೆಲುವೆಲ್ಲ ಇಲ್ಲಿದೆ. ಲೆನಿನ್‌ಗ್ರಾಡಿನ ಲೆವ್ ಗಾಂಡಿನ್ ಹವಾಮಾನದ ಅಂಕಿಗಳಿಗೆ ಈ ಕ್ರಮವನ್ನು ಅಳವಡಿಸಿ 1963ರಲ್ಲಿ ಗ್ರಂಥ ಬರೆದರು. ಅದಕ್ಕೆ ಮೂರು ವರ್ಷ ಮೊದಲು ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ್ದ ಇಂಥದೇ ವಿಧಾನ ಅಪೊಲೊ ನೌಕೆಗಳನ್ನು ಚಂದ್ರನತ್ತ ನಡೆಸಲು ನೆರವಾಯಿತು. ಅಮೆರಿಕದ ರಿಚರ್ಡ್ ರೆನಾಲ್ಡ್ಸ್ ಉಪಗ್ರಹದ ಅಂಕಿಗಳನ್ನೂ ಹಡಗು ಮತ್ತು ತೇಲುಯಂತ್ರಗಳ ಅಂಕಿಗಳನ್ನೂ ಹೀಗೆ ಬೆಸೆದು ಇಡೀ ಜಗತ್ತಿನ ಕಡಲುಗಳ ಉಷ್ಣತೆಯ ನಕ್ಷೆಗಳನ್ನು ತಯಾರಿಸಿದರು.

ಆದರೆ ಈ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿದೆ: ಸಾಕ್ಷಿಗಳ ತಪ್ಪುಗಳು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಗುತ್ತವೆ, ಒಬ್ಬನ ತಪ್ಪಿಗೂ ಮತ್ತೊಬ್ಬನ ತಪ್ಪಿಗೂ ನಂಟಿಲ್ಲ ಎಂದು. ಸಾಕ್ಷಿಗಳೆಲ್ಲ ಒಂದೇ ವದಂತಿಯನ್ನು ಕೇಳಿ ಬಂದಿದ್ದರೆ ಸಾವಿರ ಮಂದಿ ಇದ್ದೂ ಪ್ರಯೋಜನವಿಲ್ಲ. 1982ರಲ್ಲಿ ಆದುದು ಇದೇ.

ಆ ವರ್ಷ ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲಲ್ಲಿ ಮೆಕ್ಸಿಕೊ ದೇಶದ ಎಲ್ ಚಿಚೋನ್ ಎಂಬ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲದಿಂದಾದ ಸೂಕ್ಷ್ಮ ಕಣಗಳ ಮುಸುಕು ವಾಯುಮಂಡಲದ ಎತ್ತರದಲ್ಲಿ ಉಷ್ಣವಲಯವನ್ನು ಸುತ್ತಿ ಹಬ್ಬಿತು. ಉಪಗ್ರಹ ಈ ಮುಸುಕಿನ ಮೂಲಕ ನೋಡಿ, ಕೆಳಗಿನ ಕಡಲು ಇದ್ದುದಕ್ಕಿಂತ ತಣ್ಣಗಿದೆಯೆಂದು ವರದಿ ಮಾಡತೊಡಗಿತು. ಒಂದು ದಿನವಲ್ಲ, ಒಂದು ಸ್ಥಳದಲ್ಲಲ್ಲ, ಎಲ್ಲೆಲ್ಲೂ ತಿಂಗಳುಗಟ್ಟಲೆ ಒಂದೇ ದಿಕ್ಕಿನ ತಪ್ಪು. ಅದೇ ಸಮಯಕ್ಕೆ ಪೆಸಿಫಿಕ್ ಸಾಗರದ ನೀರು ಅದುವರೆಗೆ ಆ ಶತಮಾನದಲ್ಲಿ ಕಾಣದಷ್ಟು ಬಿಸಿಯಾಗುತ್ತ ಬಂದಿತ್ತು. ಅಲ್ಲಿ ಸಾಗುತ್ತಿದ್ದ ಕೆಲವೇ ಹಡಗುಗಳು ನಿಜವಾದ ಅಂಕಿಗಳನ್ನು ಕಳುಹಿಸಿದವು. ಆದರೆ ವಾಡಿಕೆಗಿಂತ ಬಹಳ ದೂರವಿರುವ ಅಂಕಿ ಬಂದರೆ ಅದನ್ನು ನಾವಿಕನ ಕೈತಪ್ಪೆಂದು ಬಗೆದು ತಳ್ಳಿಬಿಡುವಂತೆ ಗಣಕಯಂತ್ರಕ್ಕೆ ಮೊದಲೇ ಆದೇಶವಿತ್ತು. ಸತ್ಯ ಹೇಳಿದ ಸಾಕ್ಷಿಯನ್ನು, ಆತನು ಹೇಳಿದುದು ವಿಪರೀತವೆಂಬ ಒಂದೇ ಕಾರಣಕ್ಕೆ, ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಲಾಯಿತು.

ಇದಕ್ಕೆ ವಿದ್ವಾಂಸರ ಪೂರ್ವಗ್ರಹವೂ ಸೇರಿಕೊಂಡಿತೆನ್ನಬೇಕು. ಹಿಂದಿನ ಎಲ್ ನಿನೊಗಳು ವರ್ಷದ ಮೊದಲ ಭಾಗದಲ್ಲಿ ಪೆರು ದೇಶದ ತೀರದಲ್ಲಿ ಕಾಣಿಸಿಕೊಂಡು ಪಶ್ಚಿಮಕ್ಕೆ ಹಬ್ಬುತ್ತಿದ್ದವು. ಈ ಸಲ ಬಿಸಿ ನಡುಸಾಗರದಿಂದ ಪೂರ್ವಕ್ಕೆ ಬಂದಿತು. ಸೆಪ್ಟೆಂಬರ್ ಕೊನೆಗೆ ಪೆರುವಿನ ಪೈತಾ ಬಂದರಿನಲ್ಲಿ ನೀರಿನ ಉಷ್ಣತೆ ಒಂದು ದಿನದೊಳಗೆ ಹಲವು ಡಿಗ್ರಿ ಏರಿತು. ಅಷ್ಟು ಹೊತ್ತಿಗೆ ಭಾರತದಲ್ಲಿ ಮುಂಗಾರು ಸೋತು ಬರಗಾಲ ಬಿದ್ದಾಗಿತ್ತು. ಮುಂದಿನ ತಿಂಗಳುಗಳಲ್ಲಿ ಪೆರು ಮತ್ತು ಈಕ್ವೆಡಾರ್ ದೇಶಗಳು ಪ್ರವಾಹದಲ್ಲಿ ಮುಳುಗಿದವು. ಆಸ್ಟ್ರೇಲಿಯ ಬರದಿಂದ ಬೆಂದು, 1983ರ ಫೆಬ್ರವರಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿತು. ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದೆನಿಸಿದ್ದು ನಡುಮನೆಗೆ ಬಂದು ಕುಳಿತ ಮೇಲೆ ತಜ್ಞರು ಅದನ್ನು ಗುರುತಿಸಿದರು.

ಈ ಪೆಟ್ಟು ವ್ಯರ್ಥವಾಗಲಿಲ್ಲ. 1985ರಲ್ಲಿ ಹತ್ತು ವರ್ಷಗಳ ಅಂತರರಾಷ್ಟ್ರೀಯ ಯೋಜನೆಯೊಂದು ಆರಂಭವಾಗಿ, 1994ರ ಡಿಸೆಂಬರ್ ವೇಳೆಗೆ ಪೆಸಿಫಿಕ್ ಸಾಗರದ ಭೂಮಧ್ಯರೇಖೆಯ ಉದ್ದಕ್ಕೂ ಸುಮಾರು 70 ತೇಲುಯಂತ್ರಗಳ ಸಾಲು ಪೂರ್ಣಗೊಂಡಿತು. ಬೋಯ್ ಎಂದು ಕರೆಯುವ ಈ ಯಂತ್ರಗಳನ್ನು ಹಲವು ಕಿಲೋಮೀಟರ್ ಆಳದ ತಳಕ್ಕೆ ಲಂಗರು ಹಾಕಿ ನಿಲ್ಲಿಸುತ್ತಾರೆ. ಅವು ಮೇಲಿನ ಗಾಳಿಯನ್ನೂ, ಮೇಲ್ಮೈಯಿಂದ 500 ಮೀಟರ್ ಆಳದವರೆಗಿನ ನೀರಿನ ಉಷ್ಣತೆಯನ್ನೂ ಅಳೆದು ಉಪಗ್ರಹದ ಮೂಲಕ ತಿಳಿಸುತ್ತವೆ. 1997ರಲ್ಲಿ ಮತ್ತೆ ಅಷ್ಟೇ ಪ್ರಬಲವಾದ ಎಲ್ ನಿನೊ ಬಂದಾಗ ಅದು ದಿನದಿನಕ್ಕೆ ಬೆಳೆಯುವುದನ್ನು ಜಗತ್ತೇ ನೋಡಿತು. ಅದರ ಬಲವನ್ನು ಹೆಚ್ಚಿನ ಮಾದರಿಗಳು ಕಡಮೆಯಾಗಿಯೇ ಅಂದಾಜು ಮಾಡಿದುವಾದರೂ, ಯಾರೂ ನಿದ್ರೆಯಲ್ಲಿರಲಿಲ್ಲ.

ಆ ವರ್ಷವೇ ನಮ್ಮವರಿಗೆ ಇನ್ನೊಂದು ಪಾಠವಾಯಿತು. ಎಲ್ ನಿನೊ ಅಷ್ಟು ಪ್ರಬಲವಾಗಿದ್ದರೂ 1997ರಲ್ಲಿ ಭಾರತಕ್ಕೆ ಬರ ಬರಲಿಲ್ಲ. ಮಳೆ ವಾಡಿಕೆಯಷ್ಟೇ ಆಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಸುಮಾತ್ರಾ ಕಡೆಯ ಪೂರ್ವಭಾಗ ತಣ್ಣಗಾಗುವ ಒಂದು ತೂಗಾಟವಿದೆಯೆಂದು ಎನ್.ಎಚ್. ಸಾಜಿ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. 1997ರಲ್ಲಿ ಆ ತಕ್ಕಡಿ ನಮ್ಮ ಕಡೆಗೆ ವಾಲಿತ್ತು. 2019ರಲ್ಲೂ ಅದು ಬಲವಾಗಿ ಹೀಗೆಯೇ ವಾಲಿತು. ಆ ಮಳೆಗಾಲದಲ್ಲಿ ಬೆಳಗಾವಿ, ಕೊಡಗು ಕಂಡ ನೆರೆಯನ್ನು ಯಾರೂ ಮರೆತಿರಲಾರರು. ಪೆಸಿಫಿಕ್ ಸಾಗರವೊಂದನ್ನೇ ಕಾಯುತ್ತ ಕುಳಿತರೆ ಸಾಲದು, ನಮ್ಮ ಕಡಲನ್ನೂ ಅಳೆಯಬೇಕು ಎಂಬುದು ಇದರಿಂದ ಸಿದ್ಧವಾಯಿತು. 2004ರಿಂದ ಹಲವು ದೇಶಗಳು ಕೂಡಿ ಹಿಂದೂ ಮಹಾಸಾಗರದಲ್ಲೂ ತೇಲುಯಂತ್ರಗಳ ಜಾಲವನ್ನು ಹರಡತೊಡಗಿದವು.

ಮಹಾನಗರಗಳ ಕನ್ನಡಿಗರು ಗಮನಿಸಬೇಕಾದ ಸಂಗತಿಯೆಂದರೆ ಈ ಕೆಲಸದ ಬಹುಭಾಗ ಅವರ ನೆರೆಹೊರೆಯಲ್ಲೇ ನಡೆಯುತ್ತಿದೆ. ಭಾರತದ ತೇಲುಯಂತ್ರಗಳನ್ನು ರೂಪಿಸಿ ಕಡಲಿಗಿಳಿಸುವವರು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು. ಅಂಕಿಗಳು ಬಂದು ಸೇರುವುದು, ಮಾದರಿಯೊಂದಿಗೆ ತಾಳೆಯಾಗುವುದು, ಕಡಲಿನ ಮುನ್ಸೂಚನೆಯಾಗಿ ಹೊರಡುವುದು 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ. ಕಡಲು ಮತ್ತು ಗಾಳಿಯನ್ನು ಒಟ್ಟಿಗೆ ಹಿಡಿದು ಮುಂಗಾರನ್ನು ಅಂದಾಜು ಮಾಡುವ ಮಾದರಿಯ ಮೇಲೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ದುಡಿಯುತ್ತಿದೆ. ಇವಲ್ಲದೆ ಆರ್ಗೊ ಎಂಬ ಹೆಸರಿನ, ಆಳೆತ್ತರದ ಕೊಳವೆಯಂಥ ಯಂತ್ರಗಳಿವೆ. ಇವು ಒಂದು ಸಾವಿರ ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್ ಆಳಕ್ಕೆ ಇಳಿದು, ಅಲ್ಲಿಂದ ಮೇಲಕ್ಕೇರುತ್ತ ಉಷ್ಣತೆ ಮತ್ತು ಉಪ್ಪಿನಂಶವನ್ನು ಅಳೆಯುತ್ತವೆ. 2007ರ ನವೆಂಬರಿನಲ್ಲಿ ಜಗತ್ತಿನಲ್ಲಿ ಇವುಗಳ ಸಂಖ್ಯೆ 3000 ಮುಟ್ಟಿತು.

ಮೇಲ್ಮೈಯ ಮುನ್ಸೂಚನೆಗೆ ಆಳದ ಅಳತೆ ಏಕೆಂದು ಕೇಳಬಹುದು. ಜಮಾ ಒಂದು ಕಡೆ ಬರೆದರೆ ಖರ್ಚು ಮತ್ತೊಂದು ಕಡೆ ಬರೆಯಲೇಬೇಕಷ್ಟೆ. ಉಪಗ್ರಹದ ಅಂಕಿ ನೋಡಿ ಮಾದರಿಯ ಮೇಲ್ಮೈಯನ್ನು ಮಾತ್ರ ಒಂದು ಡಿಗ್ರಿ ಏರಿಸಿ, ಕೆಳಗಿನ ನೀರನ್ನೂ ಪ್ರವಾಹಗಳನ್ನೂ ಮುಟ್ಟದೆ ಬಿಟ್ಟರೆ, ಮಾದರಿ ಆ ತಿದ್ದುಪಡಿಯನ್ನು ಬಹುಕಾಲ ಇಟ್ಟುಕೊಳ್ಳುವುದಿಲ್ಲ. ಕೆಳಗಿನ ತಣ್ಣೀರು ಬೆರೆತು ಕೆಲವೇ ದಿನಗಳಲ್ಲಿ ಹಳೆಯ ತಪ್ಪಿಗೇ ಮರಳುತ್ತದೆ. ಆದಕಾರಣ ಒಂದು ಸ್ಥಳದ ಅಳತೆಯಿಂದ ಸುತ್ತಲಿನ ಮತ್ತು ಕೆಳಗಿನ ನೀರಿನಲ್ಲಿ ಏನೇನು ತಿದ್ದಬೇಕೆಂಬುದನ್ನೂ ಲೆಕ್ಕ ಹಾಕಬೇಕಾಗುತ್ತದೆ. ಇದಕ್ಕಾಗಿ ಮಾದರಿಯನ್ನು ಅಲ್ಪಸ್ವಲ್ಪ ಬೇರೆ ಬೇರೆಯಾದ ಆರಂಭದ ಶಿಲ್ಕುಗಳಿಂದ ಹತ್ತಾರು ಬಾರಿ ನಡೆಸುತ್ತಾರೆ; ಒಂದು ಕಡೆ ಏರಿದಾಗ ಯಾವ ಕಡೆ ಜೊತೆಗೂಡಿ ಏರಿತು, ಯಾವ ಕಡೆ ಇಳಿಯಿತು ಎಂಬುದರಿಂದ ತಿದ್ದುಪಡಿಯ ಹಂಚಿಕೆ ಗೊತ್ತಾಗುತ್ತದೆ. ಬಂಗಾಳ ಕೊಲ್ಲಿಯಲ್ಲಂತೂ ನದಿಗಳ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ಹರಡಿ, ಕೆಳಗಿನ ತಂಪು ಮೇಲೆ ಬಾರದಂತೆ ತಡೆಯುತ್ತದೆ. ಉಪ್ಪಿನ ಅಳತೆಯಿಲ್ಲದೆ ಅಲ್ಲಿ ಬಿಸಿಯ ಲೆಕ್ಕ ಕೂಡುವುದೇ ಇಲ್ಲ.

ಇದರಿಂದ ಜನರಿಗೇನು ಎಂಬುದಕ್ಕೆ ಆರೋಗ್ಯದ ಕ್ಷೇತ್ರದಿಂದಲೇ ಒಂದು ನಿದರ್ಶನವಿದೆ. ಪೂರ್ವ ಆಫ್ರಿಕದಲ್ಲಿ ರಿಫ್ಟ್ ವ್ಯಾಲಿ ಜ್ವರವೆಂಬ ರೋಗ ಸೊಳ್ಳೆಗಳ ಮೂಲಕ ದನಕುರಿಗಳಿಗೂ, ಅವುಗಳಿಂದ ಮನುಷ್ಯರಿಗೂ ಹರಡುತ್ತದೆ. ಪೆಸಿಫಿಕ್ ಸಾಗರವೂ ಹಿಂದೂ ಮಹಾಸಾಗರದ ಪಶ್ಚಿಮ ಭಾಗವೂ ಒಟ್ಟಿಗೆ ಬಿಸಿಯಾದಾಗ ಅಲ್ಲಿ ಅತಿವೃಷ್ಟಿಯಾಗಿ ಸೊಳ್ಳೆ ಹೆಚ್ಚುತ್ತದೆ. 2006ರ ಸೆಪ್ಟೆಂಬರಿನಿಂದ ನವೆಂಬರಿನ ನಡುವೆ ಕಡಲಿನ ಉಷ್ಣತೆ ಮತ್ತು ಹಸಿರಿನ ಉಪಗ್ರಹ ಅಂಕಿಗಳನ್ನು ನೋಡಿ ಎಚ್ಚರಿಕೆ ಕೊಡಲಾಯಿತು. ಡಿಸೆಂಬರಿನಲ್ಲಿ ಕೀನ್ಯದ ಗರಿಸ್ಸಾ ಪ್ರದೇಶದಲ್ಲಿ ರೋಗ ಕಾಣಿಸಿಕೊಂಡಿತು. ರೋಗ ಬರುವುದು ತಪ್ಪಲಿಲ್ಲ. ವೈದ್ಯರಿಗೆ ಕೆಲವು ವಾರಗಳ ಮುನ್ನೆಚ್ಚರಿಕೆ ದೊರೆಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮಂಗಳೂರು ಉಡುಪಿಗಳ ತೀರವನ್ನು ಕೊರೆದು ಮುಂಬಯಿಯ ಪಕ್ಕದಲ್ಲೇ ಹಾದುಹೋದುದು ಆ ನಗರದ ವಾಚಕರಿಗೆ ನೆನಪಿರಬೇಕು. ಆಗ ಪೂರ್ವ ಅರಬ್ಬೀ ಸಮುದ್ರದ ನೀರು 30 ಡಿಗ್ರಿಗೂ ಹೆಚ್ಚು ಬಿಸಿಯಾಗಿತ್ತು. ಇಂಥ ವೇಳೆಯಲ್ಲಿ ಒಂದು ಡಿಗ್ರಿಯ ತಪ್ಪು ಬಿರುಗಾಳಿಯ ಬಲದ ಅಂದಾಜನ್ನೇ ಕೆಡಿಸೀತು.

ಅಳತೆಯ ಜಾಲವನ್ನು ಹರಡುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟವೆಂದು ತೋರುತ್ತದೆ. ಪೆಸಿಫಿಕ್ ಸಾಗರದ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ಅಮೆರಿಕದ ಹಡಗನ್ನು ಹಣದ ಅಭಾವದಿಂದ 2012ರಲ್ಲಿ ಸೇವೆಯಿಂದ ತೆಗೆದರು. ಎರಡು ವರ್ಷಗಳೊಳಗೆ ಆ ಸಾಲಿನಿಂದ ಬರುತ್ತಿದ್ದ ಅಂಕಿಗಳು ಅರ್ಧಕ್ಕಿಂತ ಕೆಳಗಿಳಿದವು. ಆಮೇಲೆ ಎಚ್ಚೆತ್ತು ಸರಿಪಡಿಸಬೇಕಾಯಿತು.

ನಮ್ಮ ಕಡಲಿನ ಕಷ್ಟ ಬೇರೆ ಬಗೆಯದು. ಎಲ್ಲೂ ನೆರಳಿಲ್ಲದ ಆಳಸಮುದ್ರದಲ್ಲಿ ನಿಂತ ತೇಲುಯಂತ್ರದ ಕೆಳಗೆ ಮೀನುಗಳು ಗುಂಪುಗೂಡುತ್ತವೆ. ಮೀನುಗಾರರು ಅಲ್ಲಿಗೆ ಬಂದು ದೋಣಿಯನ್ನು ಯಂತ್ರಕ್ಕೇ ಕಟ್ಟಿ ಬಲೆ ಬೀಸುತ್ತಾರೆ. ಲಂಗರಿನ ಹಗ್ಗ ಹರಿಯುತ್ತದೆ, ಮೇಲಿನ ಉಪಕರಣ ಮುರಿಯುತ್ತದೆ, ಕೆಲವೊಮ್ಮೆ ಬಿಚ್ಚಿಕೊಂಡು ಹೋಗುವುದೂ ಉಂಟು. ಉಪಗ್ರಹದ ಉಷ್ಣತೆಯ ನಕ್ಷೆಯಲ್ಲಿ ತಣ್ಣೀರು ಬಿಸಿನೀರು ಸಂಧಿಸುವ ಗೆರೆಯನ್ನು ಗುರುತಿಸಿ, ಮೀನು ಎಲ್ಲಿ ಸಿಕ್ಕೀತೆಂದು ಮಲ್ಪೆ, ಮಂಗಳೂರು, ಕಾರವಾರಗಳ ಮೀನುಗಾರರಿಗೆ ತಿಳಿಸುವುದೂ ಹೈದರಾಬಾದಿನ ಅದೇ ಕೇಂದ್ರದ ಕೆಲಸ. ಆದ್ದರಿಂದ ಕೇಂದ್ರದವರು ಈಗ ಬಂದರುಗಳಿಗೆ ಹೋಗಿ, ದೋಣಿಯವರನ್ನು ಸೇರಿಸಿ, ಆ ತೇಲುವ ವಸ್ತು ಯಾವುದು, ಅದು ಯಾರಿಗಾಗಿ ಅಲ್ಲಿ ನಿಂತಿದೆ ಎಂದು ಅವರವರ ಭಾಷೆಯಲ್ಲಿ ವಿವರಿಸಿ ಹೇಳುತ್ತಿದ್ದಾರೆ.